ನಾವಿನ್ನೂ ದಾರಿಯಲ್ಲಿದ್ದೇವೆ: ಮ್ಯಾರಥಾನ್ ನಡೆಸುವವರಿಗೆ ಹಿಂದಿನ ಸಾಲಿನಿಂದ ಒಂದು ಪತ್ರ

ದೊಡ್ಡ ನಗರಗಳಲ್ಲಿ ಮ್ಯಾರಥಾನ್ ನಡೆಸುವ ಎಲ್ಲರಿಗೂ,

ನಮಸ್ಕಾರ.

ನೀವು ನನ್ನನ್ನು ನೋಡಿರಲಿಕ್ಕಿಲ್ಲ. ನಾನು ಫಿನಿಷ್ ಲೈನ್ ಹತ್ತಿರ ಬರುವ ಹೊತ್ತಿಗೆ ಬಹುಮಾನ ಕೊಟ್ಟು, ಫೋಟೋ ತೆಗೆಸಿಕೊಂಡು, ವೇದಿಕೆ ಖಾಲಿ ಮಾಡಿ ಹೋಗಿರುತ್ತೀರಿ. ಅದು ತಪ್ಪು ಅಂತ ಹೇಳುತ್ತಿಲ್ಲ. ಹಿಂದಿನ ರಾತ್ರಿಯಿಂದ ನಿದ್ದೆ ಇಲ್ಲದೆ ನಿಂತವರು ನೀವು. ರಸ್ತೆ ಮುಚ್ಚಿಸುವುದಕ್ಕೆ ಎಷ್ಟು ಕಚೇರಿ ಅಲೆಯಬೇಕು, ಎಷ್ಟು ಜನರ ಕೈಕಾಲು ಹಿಡಿಯಬೇಕು ಅನ್ನುವುದು ನನಗೂ ಸ್ವಲ್ಪ ಗೊತ್ತು. ಹಾಗಾಗಿ ಜಗಳಕ್ಕೆ ಬಂದಿಲ್ಲ. ಒಂದು ಲೆಕ್ಕ ಸರಿ ಮಾಡಿಕೊಳ್ಳೋಣ ಅಂತ ಬಂದಿದ್ದೇನೆ.

ಕಳೆದ ಸಲ ನಾನು ಓಡಿದ ಮ್ಯಾರಥಾನ್‌ನಲ್ಲಿ ಕಟ್-ಆಫ್, ಅಂದರೆ ಓಟ ಮುಗಿಸಲು ಕೊಟ್ಟ ಗಡುವು, ಆರೂವರೆ ಗಂಟೆ. ನಾನು 42.195 ಕಿಲೋಮೀಟರ್ ಮುಗಿಸಿದ್ದು 6 ಗಂಟೆ 17 ನಿಮಿಷದಲ್ಲಿ. ಫಲಿತಾಂಶದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಡಿಎನ್‌ಎಫ್ ಅಂತ ಇದೆ. ಅಂದರೆ ಓಟ ಮುಗಿಸಲಿಲ್ಲ ಅಂತ. ಎಡಗಾಲಿನ ಎರಡು ಉಗುರು ಕಪ್ಪಾಗಿವೆ, ಮೆಟ್ಟಿಲು ಇಳಿಯುವಾಗ ನಾಲ್ಕು ದಿನ ಹಿಮ್ಮುಖವಾಗಿ ಇಳಿದಿದ್ದೇನೆ, ಗೋಡೆಯ ಮೊಳೆಯಲ್ಲಿ ಮೆಡಲ್ ತೂಗಾಡುತ್ತಿದೆ. ಆದರೂ ಮುಗಿಸಲಿಲ್ಲವಂತೆ.

ಯಾವ ಊರು, ಯಾರು ನಡೆಸಿದ್ದು ಅಂತ ಹೇಳುವುದಿಲ್ಲ. ಒಂದೇ ಊರಿನ ತಪ್ಪಾಗಿದ್ದರೆ ಅವರಿಗೆ ಒಂದು ಇಮೇಲ್ ಹಾಕಿ ಸುಮ್ಮನಾಗುತ್ತಿದ್ದೆ. ಆರು ಗಂಟೆ ಓಡುವ ಯಾರನ್ನು ಬೇಕಾದರೂ ಕೇಳಿ ನೋಡಿ. ಇಂಥದ್ದೇ ಒಂದು ಕಥೆ ಅವರ ಹತ್ತಿರವೂ ಇರುತ್ತದೆ.

ಅವತ್ತು ಬೆಳಿಗ್ಗೆ ಆರಕ್ಕೆ ಓಟ ಶುರು. ನಾನು ನಾಲ್ಕೂವರೆಗೇ ಅಲ್ಲಿದ್ದೆ. ಬ್ಯಾಗ್ ಕೊಟ್ಟೆ. ಟಾಯ್ಲೆಟ್ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತೆ. (ಹೆಂಗಸರ ಸಾಲಿನ ಬಗ್ಗೆ ಬೇರೆಯದೇ ಒಂದು ಬಹಿರಂಗ ಪತ್ರ ಬರೆಯಬಹುದು, ಇವತ್ತು ಬೇಡ.) ಸಾಲಿನಲ್ಲಿ ನಿಂತಾಗ ಎಲ್ಲರೂ ಮಾತನಾಡುತ್ತಾರೆ. ಎಷ್ಟನೇ ಮ್ಯಾರಥಾನ್, ಮೊಣಕಾಲು ಹೇಗಿದೆ, ಎಷ್ಟು ಜೆಲ್ ಇಟ್ಟುಕೊಂಡಿದ್ದೀರಿ, ತೊಡೆಗೆ ವ್ಯಾಸಲಿನ್ ಹಚ್ಚಿಕೊಂಡಿರಾ. ಹೆಸರೇ ಗೊತ್ತಿಲ್ಲದವರ ಜೊತೆ ಇಂಥ ಮಾತು ಬೇರೆಲ್ಲೂ ಆಡುವುದಿಲ್ಲ. ನನ್ನ ಮುಂದೆ ನಿಂತಿದ್ದ ಹುಡುಗಿಗೆ ಅದು ಮೊದಲ ಮ್ಯಾರಥಾನ್. ಎದೆಯ ಮೇಲಿನ ನಂಬರ್ ಚೀಟಿ, ಅದೇ ಬಿಬ್, ಸೊಟ್ಟಗಾಯಿತು ಅಂತ ಪಿನ್ನು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ, ಕೊನೆಗೆ ಬೆರಳಿಗೇ ಚುಚ್ಚಿಕೊಂಡಳು.

ಗನ್ ಹಾರಿದ್ದು ಕೇಳಿಸಿತು. ನಾವು ಅಲ್ಲಾಡಲಿಲ್ಲ. ದೊಡ್ಡ ಮ್ಯಾರಥಾನ್ ಅಂದರೆ ಹಾಗೆಯೇ ಅಲ್ವಾ? ಹತ್ತಾರು ಸಾವಿರ ಜನರನ್ನು ಒಂದೇ ಸಲ ರಸ್ತೆಗೆ ಬಿಡಲು ಆಗುವುದಿಲ್ಲ. ಅದಕ್ಕೇ ವೇವ್ ಮಾಡಿ ಗುಂಪು ಗುಂಪಾಗಿ ಬಿಡುತ್ತೀರಿ. ವೇಗವಾಗಿ ಓಡುವವರು ಮುಂದೆ, ನಮ್ಮಂಥವರು ಕೊನೆಗೆ. ಸರಿಯಾದ ಏರ್ಪಾಡು. ನಾವು ಮುಂದೆ ನಿಂತರೆ ಹಿಂದಿನಿಂದ ಬರುವವರಿಗೆ ತೊಂದರೆ, ನಮಗೂ ಭಯ. ನಿಂತಲ್ಲೇ ನಿಂತೆವು, ಆಮೇಲೆ ನಡೆದೆವು, ಮತ್ತೆ ನಿಂತೆವು. ಕೊನೆಗೆ ಸ್ಟಾರ್ಟ್ ಲೈನ್ ಮೇಲಿನ, ಸಮಯ ದಾಖಲಿಸುವ ಮ್ಯಾಟ್ ತುಳಿದಾಗ ಕೈಗಡಿಯಾರದಲ್ಲಿ 6:26. ಬಿಬ್‌ನಲ್ಲಿದ್ದ ಚಿಪ್ಪನ್ನು ಗುರುತಿಸಿ ಅದು ಕುಂಯ್ ಅಂತು. ನನ್ನ ಓಟ ಆಗ ಶುರುವಾಯಿತು.

ಈ 26 ನಿಮಿಷವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನನ್ನ ಇಡೀ ದೂರು ಇದರೊಳಗೇ ಇದೆ.

ಮೊದಲ 30 ಕಿಲೋಮೀಟರ್ ಬಗ್ಗೆ ಹೇಳುವುದಕ್ಕೆ ಒಳ್ಳೆಯದೇ ಇದೆ. ಹೇಳಲೇಬೇಕು, ಇಲ್ಲದಿದ್ದರೆ ಅನ್ಯಾಯ. ದಿನವೂ ಗಾಡಿಗಳು ಹಾರ್ನ್ ಹೊಡೆಯುವ ಅಗಲವಾದ ರಸ್ತೆಯ ನಟ್ಟನಡುವೆ ಓಡುವ ಸುಖವೇ ಬೇರೆ. ಸಾವಿರಾರು ಶೂಗಳ ಸದ್ದು ಸೇತುವೆಯ ಕೆಳಗೆ ಬಂದಾಗ ಜೋರು ಮಳೆಯ ಹಾಗೆ ಕೇಳಿಸುತ್ತದೆ. ಬಾಲ್ಕನಿಯಲ್ಲಿ ನಿಂತು ತಟ್ಟೆ ಬಡಿಯುವವರು, ಬಿಬ್ ಮೇಲಿನ ಹೆಸರು ಓದಿ ಕೂಗುವವರು, ಸಣ್ಣ ಮಕ್ಕಳ ಚಾಚಿದ ಕೈ. ಐದು ಕಿಲೋಮೀಟರಿಗೊಂದು ಮ್ಯಾಟ್. ನೀರು ಕೊಡುವ ಹುಡುಗರು ಕಪ್ಪಿನ ಬಾಯಿ ಚಿವುಟಿ ಕೊಡುತ್ತಿದ್ದರು, ಓಡುತ್ತಾ ಕುಡಿದರೂ ಮೂಗಿಗೆ ಹೋಗದ ಹಾಗೆ. ಯಾರೋ ತಿಳಿದವರು ಅವರಿಗೆ ಹೇಳಿಕೊಟ್ಟಿದ್ದಾರೆ. ನನ್ನ ವಾಚು ಪ್ರತಿ ಬೋರ್ಡಿಗಿಂತ ಸ್ವಲ್ಪ ಮುಂಚೆಯೇ ಕಿಲೋಮೀಟರ್ ಮುಗಿಯಿತು ಅನ್ನುತ್ತಿತ್ತು. ಪಕ್ಕದವನೊಬ್ಬ ಆಯೋಜಕರು ದೂರ ಜಾಸ್ತಿ ಇಟ್ಟಿದ್ದಾರೆ ಅಂತ ಬೈದ. ನಾನು ನಿಮ್ಮ ಪರ ವಾದ ಮಾಡಿದೆ, ಗೊತ್ತಾ? ಅಳತೆಗೆ ಸರಿಹೊಂದಿಸಿದ ಸೈಕಲ್ಲಿಗೆ ಚಕ್ರದ ಸುತ್ತು ಎಣಿಸುವ ಜೋನ್ಸ್ ಕೌಂಟರ್ ಕಟ್ಟಿ, ತಿರುವುಗಳಲ್ಲಿ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು ಅಳೆಯುತ್ತಾರೆ, ಕಡಿಮೆ ಬೀಳಬಾರದು ಅಂತ ಸಾವಿರ ಮೀಟರಿಗೆ ಒಂದು ಮೀಟರ್ ಸೇರಿಸುತ್ತಾರೆ, ನಾವು ಆ ಕಡೆ ಈ ಕಡೆ ಹಾಯುತ್ತಾ ಓಡಿದರೆ ದೂರ ಹೆಚ್ಚೇ ಆಗುತ್ತದೆ, ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಕೂಡ ತಪ್ಪುತ್ತದೆ ಅಂತ. ಅವನು ನನ್ನ ಮಾತು ಮುಗಿಯುವ ಮೊದಲೇ ಮುಂದೆ ಹೋದ. ಬೇಸರವಾಗಿರಬೇಕು.

ದೂರದ ವಿಷಯದಲ್ಲಿ ನೀವು ಇಷ್ಟು ನಿಖರ. 42 ಕಿಲೋಮೀಟರಿನಲ್ಲಿ ಒಂದು ಮೀಟರ್ ಕಡಿಮೆಯಾದರೂ ನಿಮಗೆ ನಿದ್ದೆ ಬರುವುದಿಲ್ಲ. ಸಮಯದ ವಿಷಯದಲ್ಲಿ ಮಾತ್ರ ಹೀಗೇಕೆ?

30 ದಾಟಿದ ಮೇಲೆ ಏನಾಗುತ್ತದೆ ಅಂತ ಓಡುವವರಿಗೆಲ್ಲ ಗೊತ್ತು. ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಓಡಲು ಶಕ್ತಿ ಕೊಡಲೆಂದು ಕೂಡಿಟ್ಟ ಗ್ಲೈಕೋಜನ್ ಅಲ್ಲಿಗೆ ಹೆಚ್ಚುಕಡಿಮೆ ಖಾಲಿ. ಕಾಲು ನಮ್ಮದಲ್ಲ ಅನ್ನಿಸುತ್ತದೆ. ಓಡು, ನಡೆ, ಓಡು, ನಡೆ ಅಂತ ಲೈಟ್ ಕಂಬ ಎಣಿಸುತ್ತಾ ಬಂದೆ. 34ನೇ ಕಿಲೋಮೀಟರಿನ ನೀರಿನ ಮೇಜು ಒಂದು ತಿರುವಿನ ಆಚೆ ಅಂತ ಮ್ಯಾಪಿನಲ್ಲಿ ನೋಡಿದ್ದೆ. ಆ ತಿರುವಿನವರೆಗೂ ಅದರದ್ದೇ ಧ್ಯಾನ.

ತಿರುಗಿದೆ. ಮೇಜಿನ ಕಾಲು ಮಡಚಿ ಲಾರಿಗೆ ಏರಿಸುತ್ತಿದ್ದರು. ರಸ್ತೆ ತುಂಬ ಚಪ್ಪಟೆಯಾದ ಪೇಪರ್ ಕಪ್ಪುಗಳು. ಎಲೆಕ್ಟ್ರೋಲೈಟ್ ಚೆಲ್ಲಿ ಅಂಟಂಟಾಗಿತ್ತು, ಹೆಜ್ಜೆ ಎತ್ತಿದಾಗಲೆಲ್ಲ ಶೂ ಪಚ್ ಪಚ್ ಅನ್ನುತ್ತಿತ್ತು. ಕಸದ ಚೀಲದ ಬಾಯಿ ಕಟ್ಟುತ್ತಿದ್ದ ಹುಡುಗನೊಬ್ಬ ನನ್ನನ್ನು ನೋಡಿ ನಿಂತುಬಿಟ್ಟ. ಹದಿನೆಂಟು ಹತ್ತೊಂಬತ್ತು ಇರಬಹುದು. "11:14ಕ್ಕೆ ಕ್ಲೋಸ್ ಮಾಡೋಕೆ ಹೇಳಿದ್ರು ಮೇಡಂ," ಅಂದ. ನನ್ನ ವಾಚು ನೋಡಿದೆ. 11:21.

ಅವನ ಮುಖ ಸಣ್ಣದಾಯಿತು. ಕಾಲೇಜು ಬ್ಯಾಗಿನಿಂದ ತನ್ನ ನೀರಿನ ಬಾಟಲಿ ತೆಗೆದು ಕೊಟ್ಟ. ಅರ್ಧ ಇತ್ತು. ನಾನು ಎರಡು ಗುಟುಕು ಕುಡಿದು ವಾಪಸ್ ಕೊಟ್ಟೆ, ಹಿಂದೆ ಇನ್ನೂ ಜನ ಇದ್ದಾರೆ ಅಂತ ಗೊತ್ತಿತ್ತು. "ಎಷ್ಟು ಜನ ಇದ್ದಾರೆ?" ಅಂತ ಕೇಳಿದ. ನಾನು ಹಿಂದಿರುಗಿ ನೋಡಿದೆ. ಬಿಸಿಲಿನಲ್ಲಿ ಚುಕ್ಕಿಚುಕ್ಕಿಯಾಗಿ ಬಣ್ಣದ ಟೀ ಶರ್ಟುಗಳು. ಇನ್ನೂರಾದರೂ ಇದ್ದರು. ಹುಡುಗ ಬಾಟಲಿ ನೋಡಿಕೊಂಡ.

ಅವರೆಲ್ಲರೂ ಕಟ್-ಆಫ್ ಒಳಗೇ ಇದ್ದವರು. ಗಡುವಿಗಿಂತ ಹಿಂದೆ ಬಿದ್ದವರನ್ನು ಹತ್ತಿಸಿಕೊಳ್ಳುವ ಸ್ವೀಪ್ ಬಸ್ ಇನ್ನೂ ನಮ್ಮೆಲ್ಲರ ಹಿಂದೆ ಇತ್ತು. ಆ ಬಸ್ಸನ್ನು ನೀವು ಸರಿಯಾಗಿಯೇ ಬಿಟ್ಟಿದ್ದಿರಿ, ಕೊನೆಯ ಓಟಗಾರ ಸ್ಟಾರ್ಟ್ ಲೈನ್ ದಾಟಿದ ಮೇಲೆ. ಆದರೆ ಮೇಜುಗಳನ್ನು ಮುಚ್ಚುವ ಪಟ್ಟಿ ಮಾಡಿದ್ದು ಗನ್ ಹಾರಿದ ಹೊತ್ತಿನಿಂದ. ಹಿಂದಿನ ಬಸ್ಸಿಗೆ ಒಂದು ಗಡಿಯಾರ, ಮುಂದಿನ ಮೇಜಿಗೆ ಇನ್ನೊಂದು. ಈ ಎರಡರ ನಡುವೆ ನಾವು ಒಣಗುತ್ತಿದ್ದೆವು.

ಗನ್ ಟೈಮ್‌ಗೆ ಅದರದ್ದೇ ಕೆಲಸ ಇದೆ, ಒಪ್ಪುತ್ತೇನೆ. ವಿಶ್ವ ಅಥ್ಲೆಟಿಕ್ಸ್ ನಿಯಮದ ಪ್ರಕಾರ ಅಧಿಕೃತ ಸಮಯ ಅಂದರೆ ಗನ್‌ನಿಂದ ಫಿನಿಷ್ ಲೈನ್‌ವರೆಗಿನದ್ದು. ಮೊದಲು ಮುಟ್ಟಿದವರು ಗೆದ್ದರು. ಬಹುಮಾನಕ್ಕೆ, ದಾಖಲೆಗೆ ಅದೇ ಸರಿ. 2023ರಲ್ಲಿ ಚಿಕಾಗೋದಲ್ಲಿ ಕೆನ್ಯಾದ ಓಟಗಾರ ಕೆಲ್ವಿನ್ ಕಿಪ್ಟುಮ್ 2:00:35ಕ್ಕೆ ಓಡಿದಾಗ ಅವರು ಗನ್ ಹಾರಿದ ಕ್ಷಣವೇ ಗೆರೆಯ ಮೇಲಿದ್ದರು. ಅಂಥವರಿಗೆ ಎರಡೂ ಗಡಿಯಾರ ಒಂದೇ. ನಮಗೆ ಅಲ್ಲ. ನೀವೇ ಅರ್ಧ ಗಂಟೆ ನಿಲ್ಲಿಸಿ, ಆಮೇಲೆ ಆ ಅರ್ಧ ಗಂಟೆಯನ್ನು ನಮ್ಮ ಲೆಕ್ಕಕ್ಕೇ ಬರೆದರೆ ಹೇಗೆ? 1990ರ ದಶಕದಲ್ಲಿ ಚಿಪ್ ಬಂದದ್ದೇ ಈ ತೊಂದರೆ ತೀರಿಸುವುದಕ್ಕೆ. ಅರ್ಹತೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು ಅಂತ ಹೆಸರಾದ ಬೋಸ್ಟನ್ ಮ್ಯಾರಥಾನ್ ಕೂಡ ಅರ್ಹತಾ ಸಮಯಕ್ಕೆ ಚಿಪ್ ಟೈಮ್, ಅಂದರೆ ಓಟಗಾರ ಸ್ವತಃ ಗೆರೆ ದಾಟಿದಾಗಿನಿಂದ ಎಣಿಸಿದ್ದನ್ನೇ ಒಪ್ಪುತ್ತದೆ.

ಚಿಕಾಗೋದಲ್ಲೂ ಕಟ್-ಆಫ್ ಆರೂವರೆ ಗಂಟೆಯೇ. ಆದರೆ ಅಲ್ಲಿ ಎಣಿಕೆ ಶುರುವಾಗುವುದು ಕೊನೆಯ ಓಟಗಾರ ಸ್ಟಾರ್ಟ್ ಲೈನ್ ದಾಟಿದ ಮೇಲೆ. ಟೋಕಿಯೋದಲ್ಲಿ ಹಾಗಲ್ಲ, ಗನ್‌ನಿಂದಲೇ ಎಣಿಸುತ್ತಾರೆ. ಏಳು ಗಂಟೆ. ಕಟ್ಟುನಿಟ್ಟು. ಆದರೆ ಯಾವ ಜಾಗ ಎಷ್ಟು ಗಂಟೆಗೆ ಮುಚ್ಚುತ್ತದೆ ಅಂತ ಮೊದಲೇ ಪ್ರಕಟಿಸಿರುತ್ತಾರೆ. ಓಡುವವರು ನೋಡಿಕೊಂಡು ತಯಾರಾಗುತ್ತಾರೆ, ಆಗದಿದ್ದವರು ಹೆಸರು ಕೊಡುವುದಿಲ್ಲ. ಎರಡರಲ್ಲಿ ಯಾವುದಾದರೂ ನನಗೆ ಸರಿ. ಅರ್ಜಿಯಲ್ಲಿ ಆರೂವರೆ ಗಂಟೆ ಅಂತ ಬರೆದು, ರಸ್ತೆಯಲ್ಲಿ ಆರು ಗಂಟೆ ನಾಲ್ಕು ನಿಮಿಷ ಕೊಟ್ಟದ್ದು ಮಾತ್ರ ಸರಿ ಇಲ್ಲ.

ಕಟ್-ಆಫ್ ಇರಲೇಬಾರದು ಅಂತ ನಾನು ಹೇಳುವುದಿಲ್ಲ. ಊರಿಗೂ ಬದುಕಿದೆ. ಆಂಬುಲೆನ್ಸ್ ಹೋಗಬೇಕು, ಬಸ್ಸು ಓಡಬೇಕು, ಪೊಲೀಸರು ಮನೆಗೆ ಹೋಗಬೇಕು. ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟ ನೋಡಿ. ಸುಮಾರು 90 ಕಿಲೋಮೀಟರ್, 12 ಗಂಟೆ. ಕೊನೆಯ ನಿಮಿಷದಲ್ಲಿ ಒಬ್ಬರು ಓಟಗಾರರಿಗೆ ಬೆನ್ನು ಹಾಕಿ ನಿಂತು ಗನ್ ಹಾರಿಸುತ್ತಾರೆ. ಒಂದು ಸೆಕೆಂಡ್ ತಡವಾದರೂ ಇಲ್ಲ. ಆ ಗೆರೆಯ ಮುಂದೆ ಎಡವಿ ಬಿದ್ದು ಕೈತಪ್ಪಿದವರೂ ಇದ್ದಾರೆ. ಆದರೂ ಜನ ಅದನ್ನು ಪ್ರೀತಿಸುತ್ತಾರೆ. ಯಾಕೆಂದರೆ ನಿಯಮ ಏನು ಅಂತ ಎಲ್ಲರಿಗೂ ಗೊತ್ತು, ಕೊನೆಯ ಸೆಕೆಂಡಿನವರೆಗೂ ಫಿನಿಷ್ ಲೈನ್ ಹತ್ತಿರ ಜನ ತುಂಬಿರುತ್ತಾರೆ.

ಇನ್ನು ನೀರಿನ ವಿಷಯ. ಇದು ಬರೀ ಬೇಜಾರಿನ ಮಾತಲ್ಲ, ಜೀವದ ಮಾತು.

1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್ ಮ್ಯಾರಥಾನ್ ಬಗ್ಗೆ ನೀವು ಓದಿರುತ್ತೀರಿ. ಮಧ್ಯಾಹ್ನದ ಬಿಸಿಲು, ಧೂಳಿನ ರಸ್ತೆ. ನೀರು ಕಡಿಮೆಯಾದರೆ ದೇಹಕ್ಕೆ ಏನಾಗುತ್ತದೆ ನೋಡೋಣ ಅಂತ ನಡೆಸಿದವರೇ ಬೇಕೆಂದು ಒಂದೆರಡು ಕಡೆ ಮಾತ್ರ ನೀರಿಟ್ಟಿದ್ದರು. ಹೊರಟವರು 32 ಜನ, ಮುಗಿಸಿದವರು 14. ನೂರು ವರ್ಷದ ಮೇಲೆ, 2007ರ ಅಕ್ಟೋಬರ್ 7ರಂದು, ಚಿಕಾಗೋದಲ್ಲಿ ತಾಪಮಾನ 31 ಡಿಗ್ರಿಯ ಆಸುಪಾಸಿಗೆ ಏರಿತು. ಮೊದಲ ಕೆಲವು ಮೇಜುಗಳಲ್ಲೇ ಹಿಂದಿನವರಿಗೆ ನೀರು ಸಿಗಲಿಲ್ಲ. ಮುಂದೆ ಹೋದವರು ಕುಡಿದು, ತಲೆಗೆ ಸುರಿದುಕೊಂಡು ಮುಗಿಸಿದ್ದರು. ಸುಮಾರು ಮೂರೂವರೆ ಗಂಟೆಯ ಹೊತ್ತಿಗೆ ಓಟವನ್ನೇ ನಿಲ್ಲಿಸಬೇಕಾಯಿತು. ನಿಂತದ್ದು ಯಾರ ಓಟ? ಗೆಲ್ಲುವವರು ಆಗಲೇ ಗೆದ್ದು ಆಗಿತ್ತು.

ಒಂದೇ ರಸ್ತೆ ಅಂತೀರಿ. ಆದರೆ ಹವಾಮಾನ ಒಂದೇ ಅಲ್ಲ. ಆರಕ್ಕೆ ಹೊರಟ ವಿಜೇತ ಎಂಟೂ ಕಾಲಿಗೆ ಮುಗಿಸುತ್ತಾನೆ, ಪೂರ್ತಿ ಬೆಳಗಿನ ತಂಪಿನಲ್ಲಿ. ನಾವು ನೆತ್ತಿಯ ಮೇಲಿನ ಸೂರ್ಯನ ಕೆಳಗೆ, ಕಾದ ಡಾಂಬರಿನ ಮೇಲೆ, ದಣಿದ ಕಾಲಿನಲ್ಲಿ ಇರುತ್ತೇವೆ. ನೀರು ಅತಿ ಹೆಚ್ಚು ಬೇಕಾದ ಹೊತ್ತಿಗೆ ಮೇಜು ಮಡಚುತ್ತೀರಿ.

ಹಾಗಂತ ಸುಮ್ನೆ ನೀರು ಸುರಿದರೂ ಸಾಲದು. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದ್ದರು. 13 ಶೇಕಡಾ ಜನರಲ್ಲಿ ಸೋಡಿಯಂ ಮಟ್ಟ ಕುಸಿದಿತ್ತು. ಓಡುತ್ತಾ ಅತಿಯಾಗಿ ಕುಡಿದು ಮೈತೂಕ ಹೆಚ್ಚಿಸಿಕೊಂಡವರು, ನಾಲ್ಕು ಗಂಟೆಗಿಂತ ಜಾಸ್ತಿ ಹೊತ್ತು ಓಡಿದವರು, ಇವರಿಗೇ ಅಪಾಯ ಹೆಚ್ಚು. ಅಂದರೆ ನಮ್ಮಂಥವರಿಗೇ. ನಿಧಾನ ಓಡುವವರಿಗೆ ಕುಡಿಯಲು ಸಮಯ ಹೆಚ್ಚು, ಬೆವರುವುದು ಕಡಿಮೆ. ಅದಕ್ಕೇ ಕೊನೆಯ ಮೇಜಿನಲ್ಲೂ ಉಪ್ಪಿನಂಶದ ಪಾನೀಯ ಇರಬೇಕು, ಬಾಯಾರಿದಷ್ಟೇ ಕುಡಿಯಿರಿ ಅಂತ ಹೇಳುವ ಒಬ್ಬರು ಇರಬೇಕು. ವೈದ್ಯರ ಡೇರೆಯಂತೂ ಎಲ್ಲಕ್ಕಿಂತ ಕೊನೆಗೆ ಬಿಚ್ಚಬೇಕು. ಬಿಸಿಲಿನ ಹೊಡೆತಕ್ಕೆ ಬಿದ್ದವರನ್ನು ಮೊದಲು ಮಂಜುಗಡ್ಡೆ ಹಾಕಿದ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಮೈ ತಣ್ಣಗಾಗಿಸಬೇಕು, ಆಸ್ಪತ್ರೆಗೆ ಸಾಗಿಸುವುದು ಆಮೇಲೆ. ಇದು ನಿಮ್ಮ ವೈದ್ಯರಿಗೆ ಗೊತ್ತು. ಆದರೆ ತೊಟ್ಟಿಯೇ ಲಾರಿ ಹತ್ತಿದ್ದರೆ ವೈದ್ಯರಾದರೂ ಏನು ಮಾಡಿಯಾರು?

34ರ ಆಮೇಲೆ ನಮ್ಮದೊಂದು ಗುಂಪಾಯಿತು. ಯಾರೂ ಮಾಡಿಕೊಂಡದ್ದಲ್ಲ, ಆಯಿತು. ಬೆಳಿಗ್ಗೆ ಬೆರಳಿಗೆ ಪಿನ್ನು ಚುಚ್ಚಿಕೊಂಡ ಹುಡುಗಿ ಸಿಕ್ಕಳು. ಅರ್ಧ ಮ್ಯಾರಥಾನ್ ದೂರವನ್ನು 2 ಗಂಟೆ 10 ನಿಮಿಷಕ್ಕೆ ಓಡಿಬಿಟ್ಟಿದ್ದಳಂತೆ, ಈಗ ಮೀನಖಂಡ ಹಿಡಿದು ಕೋಲಿನಂತೆ ಕಾಲು ಹಾಕುತ್ತಿದ್ದಳು. ತಂದೆಯ ವಯಸ್ಸಿನ ಇಬ್ಬರು ಗೆಳೆಯರಿದ್ದರು. ಒಬ್ಬರು ಓಡಿದಾಗ ಇನ್ನೊಬ್ಬರು ನಡೆಯುತ್ತಿದ್ದರು, ಆದರೂ ಜೊತೆಗೇ ಇರುತ್ತಿದ್ದರು. ಹೇಗೆ ಅಂತ ನನಗೆ ಈಗಲೂ ಅರ್ಥವಾಗಿಲ್ಲ. ಇನ್ನೊಬ್ಬರು ಮುಂಚೆ ಮೂರೂ ಕಾಲು ಗಂಟೆಗೆ ಮುಗಿಸುತ್ತಿದ್ದವರು. ಮೊಣಕಾಲು ಶಸ್ತ್ರಚಿಕಿತ್ಸೆ ಆದ ಮೇಲಿನ ಮೊದಲ ಓಟ. ಖಾಲಿ ರಸ್ತೆ ನೋಡುತ್ತಾ ಅವರು ಹೇಳಿದ್ದು: "ಇಷ್ಟು ವರ್ಷ ಓಡಿದೀನಿ. ಹಿಂದೆ ಇಷ್ಟೊಂದು ಜನ ಇರ್ತಾರೆ ಅಂತ ಗೊತ್ತೇ ಇರ್ಲಿಲ್ಲ."

ನಿಮಗೂ ಗೊತ್ತಿಲ್ಲ ಅಂತಲೇ ನನ್ನ ಅನುಮಾನ. ಓಟದ ನಿರ್ದೇಶಕರಲ್ಲಿ ಬಹಳ ಜನ ಸ್ವತಃ ಒಳ್ಳೆಯ ಓಟಗಾರರು. ಅವರ ನೆನಪಿನ ಮ್ಯಾರಥಾನ್‌ನಲ್ಲಿ ಎಲ್ಲ ಮೇಜೂ ತುಂಬಿರುತ್ತದೆ.

ಇವರು ತಯಾರಿ ಇಲ್ಲದೆ ಬಂದವರು ಅನ್ನುವ ಮಾತು ಕೇಳಿದ್ದೇನೆ. ಕೆಲವರು ಹಾಗಿರಬಹುದು. ಉಳಿದವರ ಲೆಕ್ಕ ಹೇಳುತ್ತೇನೆ ಕೇಳಿ. ನಾಲ್ಕು ತಿಂಗಳ ತರಬೇತಿ ಎಲ್ಲರಿಗೂ ಒಂದೇ. 30 ಕಿಲೋಮೀಟರಿನ ಲಾಂಗ್ ರನ್‌ಗೆ ವೇಗದವರಿಗೆ ಎರಡೂವರೆ ಗಂಟೆ ಸಾಕು, ನನಗೆ ನಾಲ್ಕೂ ಕಾಲು. ಮನೆಯಲ್ಲಿ ಎಲ್ಲರೂ ಏಳುವ ಮೊದಲು ಮುಗಿಸಬೇಕಾದರೆ ನಾನು ಎಷ್ಟು ಗಂಟೆಗೆ ಹೊರಡಬೇಕು ನೀವೇ ಹೇಳಿ. ಓಟದ ದಿನ ನಾನು ಐವತ್ತು ಸಾವಿರಕ್ಕೂ ಹೆಚ್ಚು ಹೆಜ್ಜೆ ಹಾಕಿದ್ದೇನೆ. ನಿಧಾನ ಅನ್ನುವುದು ಸುಲಭ ಅಂತಲ್ಲ. ಅದೂ ಅಲ್ಲದೆ ನಿಧಾನ ಅಂದರೆ ಏನು? 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಸ್ಪಿರಿಡಾನ್ ಲೂಯಿಸ್ ಚಿನ್ನ ಗೆದ್ದ ಸಮಯ 2 ಗಂಟೆ 58 ನಿಮಿಷ 50 ಸೆಕೆಂಡ್. ಅದೂ ಸುಮಾರು 40 ಕಿಲೋಮೀಟರ್ ದೂರಕ್ಕೆ. ಇವತ್ತು ಯಾವುದೇ ದೊಡ್ಡ ಮ್ಯಾರಥಾನ್‌ನಲ್ಲಿ ಆಫೀಸಿಗೆ ಹೋಗುವ ಎಷ್ಟೋ ಜನ ಅದಕ್ಕಿಂತ ವೇಗವಾಗಿ ಓಡುತ್ತಾರೆ.

ನಿಮ್ಮ ಮ್ಯಾರಥಾನ್‌ಗಳು ದೊಡ್ಡದಾದದ್ದು ಹೇಗೆ ಅಂತಲೂ ಒಮ್ಮೆ ಯೋಚಿಸಿ. 1970ರಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಶುರುವಾದಾಗ ಹೊರಟವರು 127 ಜನ, ಮುಗಿಸಿದವರು 55. ಈಗ ಅಲ್ಲಿ 50,000ಕ್ಕೂ ಹೆಚ್ಚು ಜನ ಮುಗಿಸುತ್ತಾರೆ. ಆ ಐವತ್ತು ಸಾವಿರವೂ ಗೆಲ್ಲುವುದಕ್ಕೆ ಬಂದವರಲ್ಲ. ನಾವು ಶುಲ್ಕ ಕಟ್ಟಿದ್ದರಿಂದಲೇ ಮುಂದಿನವರ ಬಹುಮಾನ, ಟಿವಿ ಪ್ರಸಾರ, ಹೆಲಿಕಾಪ್ಟರ್ ಎಲ್ಲ. ನಮ್ಮ ತಲೆ ಎಣಿಸಿಯೇ ಪ್ರಾಯೋಜಕರ ಹತ್ತಿರ ಮಾತನಾಡುತ್ತೀರಿ. ಬೆಳಿಗ್ಗೆ ಹನ್ನೊಂದರ ಮೇಲೆ ಆ ಎಣಿಕೆ ಮರೆತುಹೋಗುತ್ತದೆ.

ತಪ್ಪಾದ ಮೇಲೆ ತಿದ್ದಿಕೊಂಡವರೂ ಇದ್ದಾರೆ. 2019ರ ಲಂಡನ್ ಮ್ಯಾರಥಾನ್‌ನಲ್ಲಿ ಹಿಂದಿನವರನ್ನು ರಸ್ತೆ ತೊಳೆಯುವ ಗಾಡಿಗಳು ಅಟ್ಟಿಕೊಂಡು ಬಂದವು, ಕೆಲವರು ಅವರ ಮೈಕಟ್ಟಿನ ಬಗ್ಗೆ ಆಡಿಕೊಂಡರು ಅಂತ ದೊಡ್ಡ ಸುದ್ದಿಯಾಯಿತು. ಆಯೋಜಕರು ಕ್ಷಮೆ ಕೇಳಿದರು. ಆಮೇಲಿನ ವರ್ಷಗಳಲ್ಲಿ ಕೊನೆಯವರ ಜೊತೆ ನಡೆಯಲೆಂದೇ ಒಂದು ತಂಡ ಇಟ್ಟರು. ಬರೀ ಕ್ಷಮೆ ಕೇಳುವುದಕ್ಕಿಂತ ಇದು ನನಗೆ ಹಿಡಿಸಿತು. ಕೊನೆಯವರ ಪಕ್ಕದಲ್ಲಿ ನಿಮ್ಮವರೇ ನಡೆಯುತ್ತಿದ್ದರೆ ಯಾವ ಮೇಜು ಯಾವಾಗ ಎತ್ತಬೇಕು ಅಂತ ಗಡಿಯಾರ ನೋಡುವ ಅಗತ್ಯವೇ ಇಲ್ಲ. ಅವರು ದಾಟಿದರೆ ಎತ್ತಿ. ಅಷ್ಟೇ.

38ರಲ್ಲಿ ರಸ್ತೆ ತೆರೆದಿದ್ದರು. ನಮ್ಮನ್ನು ಫುಟ್‌ಪಾತಿಗೆ ಹತ್ತಿಸಿದರು. ಸರಿ, ಹತ್ತಿದೆವು. ಆದರೆ ಬಾಣದ ಗುರುತಿನ ಬೋರ್ಡುಗಳನ್ನೂ ತೆಗೆದಿದ್ದರು. ಒಂದು ವೃತ್ತದಲ್ಲಿ ಎಡವೋ ಬಲವೋ ತಿಳಿಯದೆ ನಿಂತೆವು. ಮೂರೂ ಕಾಲು ಗಂಟೆಯವರು ಹಳೆಯ ನೆನಪಿನ ಮೇಲೆ ಬಲ ಅಂದರು. ನಾನು ಫೋನಿನಲ್ಲಿ ಮ್ಯಾಪ್ ತೆಗೆಯಲು ಹೋದರೆ ಬೆವರಿದ ಬೆರಳಿಗೆ ಸ್ಕ್ರೀನ್ ಸ್ಪಂದಿಸಲಿಲ್ಲ. ಸಿಗ್ನಲ್‌ನಲ್ಲಿ ಕೆಂಪು ದೀಪ ಬಿತ್ತು. ಮ್ಯಾರಥಾನ್ ಓಡುತ್ತಾ ಸಿಗ್ನಲ್‌ಗೆ ಕಾದವಳು ನಾನು. 74 ಸೆಕೆಂಡ್. ಮೇಲೆ ಅಂಕಿ ಇಳಿಯುತ್ತಿತ್ತು. ಕಾರಿನೊಳಗಿಂದ ಒಂದು ಮಗು ನಮ್ಮ ಬಿಬ್ ನೋಡಿ ಕೈಬೀಸಿತು.

ಫಿನಿಷ್ ಲೈನ್‌ಗೆ ಬಂದಾಗ 12:43. ಕಮಾನಿನ ಗಾಳಿ ಬಿಟ್ಟಿದ್ದರು. ಅದು ಒಂದು ಕಡೆಗೆ ವಾಲಿ, ಮುಖ ಅಡಿಯಾಗಿ ಮಲಗಿತ್ತು. ಇಬ್ಬರು ಟೈಮಿಂಗ್ ಮ್ಯಾಟನ್ನು ಚಾಪೆಯಂತೆ ಸುತ್ತಿ ಹೆಗಲಿಗೆ ಏರಿಸಿಕೊಂಡು ಹೋಗುತ್ತಿದ್ದರು. ಅವರ ಹಿಂದೆಯೇ ಓಡಿದೆ. ನಿಜವಾಗಿಯೂ ಓಡಿದೆ, ಆ ಹೊತ್ತಿಗೆ ಕಾಲಲ್ಲಿ ಅಷ್ಟು ಶಕ್ತಿ ಎಲ್ಲಿಂದ ಬಂತೋ. "ಒಂದ್ ಸಲ ಹಾಸಿ ಅಣ್ಣ, ತುಳಿದು ಹೋಗ್ತೀವಿ," ಅಂದೆ. ವೈರು ಬಿಚ್ಚಿ ಆಗಿದೆ ಅಂದರು. ಪಾಪ, ಅವರ ತಪ್ಪಲ್ಲ. ನನ್ನ ಗಡಿಯಾರದಲ್ಲಿ 13 ನಿಮಿಷ ಬಾಕಿ ಇತ್ತು. ಅವರ ಗಡಿಯಾರದಲ್ಲಿ 13 ನಿಮಿಷ ತಡವಾಗಿತ್ತು.

ಮೆಡಲ್ ರಟ್ಟಿನ ಪೆಟ್ಟಿಗೆಯಿಂದ ತೆಗೆದುಕೊಂಡೆವು. ಕೊರಳಿಗೆ ಹಾಕುವವರು ಇರಲಿಲ್ಲ, ಒಬ್ಬರಿಗೊಬ್ಬರು ಹಾಕಿಕೊಂಡೆವು. ಪಿನ್ನಿನ ಹುಡುಗಿ ನನಗೆ ಹಾಕಿದಳು, ನಾನು ಅವಳಿಗೆ. ಅವಳು ಅತ್ತಳು. ಖುಷಿಗೋ ನೋವಿಗೋ ಕೇಳಲಿಲ್ಲ. ಫಿನಿಷರ್ ಟೀ ಶರ್ಟ್ ಉಳಿದಿದ್ದದ್ದು ಎಕ್ಸ್‌ಎಸ್ ಮಾತ್ರ. ಅದೀಗ ಮನೆಯಲ್ಲಿ ಫ್ಯಾನ್ ಒರೆಸುವ ಬಟ್ಟೆ.

ನಾನು ಕೇಳುವುದು ಹೆಚ್ಚೇನಿಲ್ಲ. ಗಡಿಯಾರ ಒಂದೇ ಇಡಿ. ಅದು ಕೊನೆಯ ಓಟಗಾರ ಗೆರೆ ದಾಟಿದಾಗ ಶುರುವಾಗಲಿ. ಆಗುವುದಿಲ್ಲ, ಪೊಲೀಸರು ಒಪ್ಪುವುದಿಲ್ಲ ಅಂದರೆ ಗನ್‌ನಿಂದ ಎಣಿಸುತ್ತೇವೆ, ಹಿಂದಿನ ವೇವ್‌ನವರಿಗೆ ಇಷ್ಟೇ ಸಮಯ ಅಂತ ಅರ್ಜಿಯಲ್ಲೇ ಬರೆಯಿರಿ, ಶುಲ್ಕ ತೆಗೆದುಕೊಳ್ಳುವ ಮೊದಲು. ಮೇಜು, ಬೋರ್ಡು, ವೈದ್ಯರು ಕೊನೆಯ ಮನುಷ್ಯನ ಹಿಂದೆ ಸರಿಯಲಿ, ಮುಂದೆ ಅಲ್ಲ. ಲಾರಿ ತುಂಬುವ ಹುಡುಗರಿಗೆ ಹತ್ತು ಲೀಟರಿನ ಒಂದು ಕ್ಯಾನ್ ಬಿಟ್ಟು ಹೋಗಿ ಅಂತ ಹೇಳಿ. ಒಂದು ಮ್ಯಾಟ್, ಒಂದು ವೈರು, ಒಬ್ಬ ಮನುಷ್ಯ ಕೊನೆಯವರೆಗೂ ಇರಲಿ. ಕಮಾನು ಬೇಕಾದರೆ ಬಿಚ್ಚಿಕೊಳ್ಳಿ, ಗಾಳಿ ತುಂಬಿದ ಕಮಾನು ಇಲ್ಲದಿದ್ದರೂ ನಡೆಯುತ್ತದೆ.

ನಮ್ಮ ಕಡೆಯಿಂದಲೂ ತಪ್ಪುಗಳಿವೆ, ಮುಚ್ಚಿಡುವುದಿಲ್ಲ. ಮುಂದಿನ ವೇವ್ ಸಿಗಲಿ ಅಂತ ಐದು ಗಂಟೆಗೆ ಮುಗಿಸುತ್ತೇನೆ ಅಂತ ಸುಳ್ಳು ಬರೆಯುವವರಿದ್ದಾರೆ. ಇಂಥವರಿಂದ ನಿಮ್ಮ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಸ್ವೀಪ್ ಬಸ್ ಪಕ್ಕಕ್ಕೆ ಬಂದು ಹತ್ತಿ ಅಂದರೆ ಸ್ವಯಂಸೇವಕರ ಮೇಲೆ ಕೂಗಾಡುವವರೂ ಇದ್ದಾರೆ. ನಾನೂ ಒಮ್ಮೆ ಆ ಬಸ್ಸಿನಲ್ಲಿ ಕೂತಿದ್ದೇನೆ, ಬೇರೊಂದು ಓಟದಲ್ಲಿ, 28ನೇ ಕಿಲೋಮೀಟರಿನಲ್ಲಿ. ಅವತ್ತು ನಾನು ನಿಜಕ್ಕೂ ಹಿಂದೆ ಬಿದ್ದಿದ್ದೆ. ಕಿಟಕಿಗೆ ತಲೆ ಆನಿಸಿಕೊಂಡು ಬಂದೆ, ದೂರು ಕೊಡಲಿಲ್ಲ.

ಈ ವರ್ಷದ ನೋಂದಣಿ ಶುರುವಾಗಿದೆ ಅಂತ ಅದೇ ಮ್ಯಾರಥಾನ್‌ನವರಿಂದ ಮೊನ್ನೆ ಇಮೇಲ್ ಬಂತು. 'ಪ್ರಿಯ ಫಿನಿಷರ್' ಅಂತ ಶುರುವಾಗುತ್ತದೆ. ಪಟ್ಟಿ ಮಾಡುವವರಿಗೂ ಇಮೇಲ್ ಕಳಿಸುವವರಿಗೂ ಪರಿಚಯ ಇಲ್ಲ ಅನ್ನಿಸುತ್ತದೆ. ಅರ್ಜಿ ತುಂಬಲು ಕೂತಿದ್ದೇನೆ. ಅಂದಾಜು ಸಮಯ ಅನ್ನುವ ಕಾಲಂನಲ್ಲಿ 6 ಗಂಟೆ 17 ನಿಮಿಷ ಅಂತ ಬರೆದಿದ್ದೇನೆ. ಕಟ್-ಆಫ್ ಅನ್ನುವ ಕಡೆ ಈ ಸಲವೂ ಆರೂವರೆ ಗಂಟೆ ಅಂತಲೇ ಇದೆ. ಯಾವಾಗಿನಿಂದ ಅಂತ ಬರೆದಿಲ್ಲ. ಹಣ ಕಟ್ಟುವ ಬಟನ್ ಒತ್ತುವ ಮೊದಲು ಅದೊಂದು ತಿಳಿಸುತ್ತೀರಾ?

ಇಂತಿ,
ಕೊನೆಯ ವೇವ್‌ನ ಓಟಗಾರ್ತಿ